ಮೂರನೆಯ ಸಲಕ್ಕೆ ಹತ್ತಿದ ಚಾರ್ಜರ್, ಹಿಂದಿನ ಸೀಟಿನಲ್ಲಿ ತುಕ್ಕು ಹಿಡಿದ ಗೋಧಿ

ನಮಸ್ಕಾರ. ತೆರೆಯ ಮೇಲೆ ಕಾಣುತ್ತಿರುವ, ವಿದ್ಯುತ್ ಕಾರಿನ ಚಾರ್ಜರ್ ಕಂಬದ ಆ ಕೆಂಪು ದೀಪವೇ ಇಂದು ನನ್ನ ಅರ್ಧ ಗಂಟೆಯನ್ನು ನುಂಗಿತು. ಕಾರು ನಿಲ್ಲಿಸಿದ್ದನ್ನೂ ಗನ್ (ಚಾರ್ಜರ್ ಕೇಬಲ್ಲಿನ ತುದಿಯ ಹಿಡಿಕೆಯುಳ್ಳ ಪ್ಲಗ್) ಎತ್ತಿಕೊಂಡು ಬಂದದ್ದನ್ನೂ ನೀವೇ ನೋಡುತ್ತಿರುವುದರಿಂದ ಅದನ್ನು ವಿವರಿಸುವುದಿಲ್ಲ. ಹಿಂದಿನ ಸೀಟಿನಲ್ಲಿ ಬೆಲ್ಟ್ ಬಿಗಿಸಿಕೊಂಡು ಕುಳಿತಿರುವ ಪಾರದರ್ಶಕ ಡಬ್ಬಿಯಲ್ಲಿ ಗೋಧಿ ಸಸಿಗಳ ಎರಡು ಕುಂಡಗಳಿವೆ. ಒಂದು ತುಕ್ಕುರೋಗಕ್ಕೆ ಸುಲಭವಾಗಿ ತುತ್ತಾಗುವ ತಳಿ, ಇನ್ನೊಂದು ನಿರೋಧಕ ತಳಿ. ಎರಡು ವಾರದ ಹಿಂದೆ ಎರಡಕ್ಕೂ ಆ ರೋಗ ತರುವ ಒಂದೇ ಶಿಲೀಂಧ್ರದ ಬೀಜಕಣಗಳನ್ನು ಸೋಂಕಿಸಲಾಗಿತ್ತು. ಮುಚ್ಚಳಕ್ಕೆ ಸುತ್ತಲೂ ಟೇಪು ಅಂಟಿಸಿದ್ದು ಬೀಜಕಣಗಳು ಗಾಳಿಗೆ ಹಾರಿ ಹೋಗದಿರಲೆಂದು.

ಮೊದಲ ಸಲ ಗನ್ ಚುಚ್ಚಿದಾಗ ದೀಪ ಮಿನುಗಿತು, ಒಳಗೆಲ್ಲೋ ಟಕ್ ಎಂದಿತು, ಮರುಕ್ಷಣ ಕೆಂಪಾಯಿತು. ಎರಡನೆಯ ಸಲವೂ ಅದೇ. "ಈ ಯಂತ್ರ ಕೆಟ್ಟುಹೋಗಿದೆ, ಇಟ್ಟವರಿಗೆ ನಾಚಿಕೆಯಾಗಬೇಕು" ಎಂದು ನಾನು ಗೊಣಗುವುದು ಇಲ್ಲಿ ಕೇಳಿಸುತ್ತದೆ. ಆ ಮಾತನ್ನು ಕತ್ತರಿಸಬಹುದಿತ್ತು, ಕತ್ತರಿಸಲಿಲ್ಲ, ಏಕೆಂದರೆ ಯಂತ್ರ ಕೆಟ್ಟಿರಲಿಲ್ಲ.

ಗನ್ನಿನ ಮುಖವನ್ನು ಹತ್ತಿರದಿಂದ ನೋಡಿ. ಕೆಳಗಿನ ಎರಡು ದಪ್ಪ ಸಂಪರ್ಕಗಳಲ್ಲಿ ಡಿಸಿ ವಿದ್ಯುತ್ ಹರಿಯುತ್ತದೆ, ಮೇಲಿನ ಸಣ್ಣವು ಇರುವುದು ಮಾತುಕತೆಗೆ. ಚಾರ್ಜರ್ ಒಂದು ತಂತಿಯ ಮೇಲೆ 12 ವೋಲ್ಟ್ ಇಟ್ಟುಕೊಂಡು ಕಾದಿರುತ್ತದೆ. ಗನ್ ಸೇರಿತೆಂದು ತಿಳಿಸಲು ಕಾರು ಅದನ್ನು 9ಕ್ಕೆ ಇಳಿಸುತ್ತದೆ, ವಿದ್ಯುತ್ ಪಡೆಯಲು ಸಿದ್ಧವಾದಾಗ 6ಕ್ಕೆ ಇಳಿಸುತ್ತದೆ. ಅದೇ ತಂತಿಯಲ್ಲಿ ಸೆಕೆಂಡಿಗೆ 1000 ಸಲ ಮಿಡಿಯುವ ಸಂಕೇತವೂ ಇದೆ, ಮತ್ತು ಪ್ರತಿ ಮಿಡಿತದ ಅಗಲ ಶೇ. 5 ಇದ್ದರೆ ಇನ್ನು ಮುಂದಿನದೆಲ್ಲ ಡಿಜಿಟಲ್ ಸಂಭಾಷಣೆ ಎಂದು ಕಾರಿಗೆ ಅರ್ಥವಾಗುತ್ತದೆ. ಬ್ಯಾಟರಿ ಎಷ್ಟು ವೋಲ್ಟ್ ತಡೆದುಕೊಳ್ಳುತ್ತದೆ ಎಂಬುದನ್ನು ಕಾರು ಹೇಳಿ, ಕೇಬಲ್ಲಿನಲ್ಲಿ ಎಲ್ಲೂ ಸೋರಿಕೆಯಿಲ್ಲವೆಂದು ಚಾರ್ಜರ್ ಪರೀಕ್ಷಿಸಿ, ತನ್ನ ವೋಲ್ಟೇಜನ್ನು ಬ್ಯಾಟರಿಯ ಮಟ್ಟಕ್ಕೆ ಸರಿಗಟ್ಟಿದ ಮೇಲಷ್ಟೇ ಮುಖ್ಯ ವಿದ್ಯುತ್ ಹರಿಯತೊಡಗುತ್ತದೆ. ಗುರುತು ಸಿಗದವನಿಗೆ ಬಾಗಿಲು ತೆರೆಯದಿರುವುದೇ ಅದರ ಕೆಲಸ.

ಸಿಕ್ಕಿಬಿದ್ದದ್ದು ಇದೆಲ್ಲಕ್ಕಿಂತ ಮೊದಲೇ. ಕೇಬಲ್ಲಿನ ಭಾರಕ್ಕೆ ಗನ್ ಕೂದಲೆಳೆಯಷ್ಟು ಕೆಳಕ್ಕೆ ಜಗ್ಗಿತ್ತು. ಕಾರಿನ ಕಡೆಯಿಂದ ಹೊರಬರುವ ಲಾಕ್ ಪಿನ್ ಗನ್ನಿನ ತೂತಿಗೆ ನೇರವಾಗಿ ಸಿಗದೆ ಅಂಚಿಗೆ ತಾಗಿ ಹಿಂದಕ್ಕೆ ಹೋಗುತ್ತಿತ್ತು, ಆ ಟಕ್ ಸದ್ದು ಅದೇ. ಮೂರನೆಯ ಸಲ ನಾನು ಅಂಗೈಯಿಂದ ಗನ್ನನ್ನು ಮೇಲಕ್ಕೆ ಒತ್ತಿ ಹಿಡಿದು, ಉಸಿರು ಬಿಗಿಹಿಡಿದು ನಿಂತೆ. ನೋಡಿ, ಹತ್ತಿತು. ಲಾಕ್ ಬೀಳದೆ ವಿದ್ಯುತ್ ಬಿಡದಿರುವುದು ಸರಿಯೇ, ಅಷ್ಟು ವಿದ್ಯುತ್ ಹರಿಯುವಾಗ ಗನ್ ಕಳಚಿದರೆ ಕಿಡಿ ಹಾರುತ್ತದೆ. ಆದರೂ ಒಬ್ಬರ ಮಣಿಕಟ್ಟಿನ ಬಲವನ್ನು ನಂಬಿಕೊಂಡಿರುವ ವಿನ್ಯಾಸವನ್ನು ನಾನು ಪೂರ್ಣಗೊಂಡ ವಿನ್ಯಾಸ ಎನ್ನಲಾರೆ. ಕೇಬಲ್ಲಿನೊಳಗೆ ತಂಪುದ್ರವ ಹರಿಸಿ, ತೆಳುವಾದ ತಾಮ್ರದಲ್ಲೇ ಹೆಚ್ಚು ವಿದ್ಯುತ್ ಸಾಗಿಸಿ ಕೇಬಲ್ಲನ್ನು ಹಗುರ ಮಾಡುವ ಉಪಾಯ ಈಗಾಗಲೇ ಇದೆ. ಅದು ಈ ಕಂಬಕ್ಕೆ ಬಂದಿಲ್ಲ.

ಕಾಯುವ ಹೊತ್ತಿನಲ್ಲಿ ಡಬ್ಬಿಯ ಗೋಡೆಗೆ ಭೂತಗನ್ನಡಿ ಹಿಡಿದಿದ್ದೇನೆ. ಎಡಗಡೆಯ ಎಲೆಯ ಮೇಲೆ ಸಣ್ಣ ಬೊಕ್ಕೆಗಳು ಒಡೆದು ಇಟ್ಟಿಗೆಪುಡಿಯಂಥ ಧೂಳು ಹೊರಬಂದಿದೆ, ಒಂದೊಂದು ಕಣವೂ ಹೊಸ ಬೀಜಕಣ. ಬಲಗಡೆಯ ಎಲೆಯಲ್ಲಿ ಸೂಜಿಮೊನೆಯಷ್ಟು ಒಣಗಿದ ಚುಕ್ಕೆಗಳು ಮಾತ್ರ ಇವೆ. ಶಿಲೀಂಧ್ರ ಒಳಹೊಕ್ಕಲ್ಲಿ ಎಲೆಯ ಜೀವಕೋಶಗಳು ಅದನ್ನು ಗುರುತಿಸಿ ತಾವೇ ಸತ್ತಿವೆ, ಮತ್ತು ತುಕ್ಕಿನ ಶಿಲೀಂಧ್ರ ಜೀವಂತ ಕೋಶದಿಂದ ಮಾತ್ರ ಆಹಾರ ಹೀರಬಲ್ಲುದಾದ್ದರಿಂದ ಅಲ್ಲಿಗೇ ಅದರ ಆಟ ಮುಗಿದಿದೆ. ಗಿಡದ ಒಂದು ನಿರೋಧಕ ಜೀನಿಗೆ ರೋಗಾಣುವಿನಲ್ಲಿ ಸರಿಹೊಂದುವ ಒಂದು ಜೀನ್ ಇರುತ್ತದೆಂದು 1940ರ ದಶಕದಲ್ಲಿ ಅಗಸೆಯ ತುಕ್ಕನ್ನು ಅಭ್ಯಸಿಸಿ ತೋರಿಸಿದವರು ಅಮೆರಿಕದ ಹೆರಾಲ್ಡ್ ಫ್ಲೋರ್. ಇಲ್ಲಿಯೂ ಮೊದಲು ಗುರುತು, ಆಮೇಲೆ ಕ್ರಿಯೆ.

ಕೆಂಪು ದೀಪದ ಮುಂದೆ ನಿಂತಿದ್ದಾಗ, ಜಗತ್ತಿಗೆಲ್ಲ ಒಂದೇ ಬಗೆಯ ಗನ್ ಇರಬೇಕೆಂದು ನಾನು ಜೋರಾಗಿ ವಾದಿಸಿದ್ದೆ. ಚಾರ್ಜಿಂಗಿಗೆ ಅದು ಈಗಲೂ ನನ್ನ ಅಭಿಪ್ರಾಯ. ಆದರೆ ಅದೇ ಮಾತನ್ನು ಹೊಲಕ್ಕೆ ಹೇಳಿದರೆ ಅನಾಹುತವಾಗುತ್ತದೆ. ರೈ ಎಂಬ ಧಾನ್ಯದಿಂದ ಗೋಧಿಗೆ ತಂದ ಎಸ್‌ಆರ್31 ಎಂಬ ನಿರೋಧಕ ಜೀನ್ ಎಷ್ಟೋ ದೇಶಗಳ ತಳಿಗಳಲ್ಲಿ ಸೇರಿಹೋಗಿತ್ತು. 1998ರಲ್ಲಿ ಉಗಾಂಡಾದಲ್ಲಿ ಕಂಡ, ಮರುವರ್ಷ ಯುಜಿ99 ಎಂದು ಹೆಸರು ಪಡೆದ ಕಾಂಡ ತುಕ್ಕಿನ ಬಗೆ ಆ ಜೀನಿನ ಕಣ್ಣಿಗೆ ಬೀಳದೆ ಒಳನುಸುಳಿತು, ಒಂದೇ ಬೀಗವನ್ನು ನಂಬಿದ್ದ ಹೊಲಗಳೆಲ್ಲ ಒಟ್ಟಿಗೆ ಅಪಾಯಕ್ಕೆ ಒಡ್ಡಿಕೊಂಡವು. ಚಾರ್ಜರಿಗೆ ಎದುರಾಳಿಯಿಲ್ಲ, ಶಿಲೀಂಧ್ರವೋ ಪ್ರತಿ ಬೆಳೆಯಲ್ಲೂ ಹೊಸ ಕೀಲಿ ತಿದ್ದಿಕೊಂಡು ಬರುತ್ತದೆ. ಆ ಕಾರಣಕ್ಕೆ ಐದು ನಿರೋಧಕ ಜೀನುಗಳನ್ನು ಒಂದೇ ಸರವಾಗಿ ಪೋಣಿಸಿ ಗೋಧಿಗೆ ಸೇರಿಸಿದ ಕೆಲಸ 2021ರಲ್ಲಿ ಪ್ರಕಟವಾದಾಗ ನನಗೆ ಹೆಚ್ಚು ಖುಷಿಯಾಗಿತ್ತು, ಐದರಿಂದಲೂ ಶಿಲೀಂಧ್ರ ಒಮ್ಮೆಲೇ ತಪ್ಪಿಸಿಕೊಳ್ಳುವುದು ಸುಲಭವಲ್ಲ.

ಇದಕ್ಕಿಂತ ನನಗಿಷ್ಟವಾದದ್ದು ಬಾರ್ಲಿಯ ಎಂಎಲ್‌ಓ ಎಂಬ ಜೀನಿನ ಕಥೆ. ಅಲ್ಲಿ ಹೊಸ ಬೀಗವೇ ಇಲ್ಲ. ಬೂದಿರೋಗದ ಶಿಲೀಂಧ್ರಕ್ಕೆ ಒಳಬರಲು ಬೇಕಾದ ಜೀನನ್ನೇ ಕೆಡಿಸಿಬಿಡುವುದು ಉಪಾಯ. ಗೋಧಿಯಲ್ಲಿ ಆ ಜೀನಿನ ಪ್ರತಿಗಳು ಒಂದಲ್ಲ ಮೂರು ಜೊತೆ ಇರುವುದರಿಂದ ಅಲ್ಲಿ ಅದು ಬಹುಕಾಲ ಸಾಧ್ಯವಾಗಿರಲಿಲ್ಲ, ಜೀನ್ ತಿದ್ದುವ ತಂತ್ರದಿಂದ ಚೀನಾದ ವಿಜ್ಞಾನಿಗಳು ಅದನ್ನು ಮಾಡಿದ್ದು 2014ರಲ್ಲಿ. ಇಂಥದ್ದಕ್ಕೆ ಕೆಲವು ತಳಿಗಳಲ್ಲಿ ಇಳುವರಿಯ ರೂಪದಲ್ಲಿ ದಂಡ ತೆರಬೇಕಾಗುತ್ತದೆ, ಅದನ್ನೂ ಹೇಳದಿದ್ದರೆ ತಪ್ಪಾಗುತ್ತದೆ, ಆದರೆ...

ಚಾರ್ಜರಿನ ಪರದೆ ಶೇ. 81 ತೋರಿಸುತ್ತಿದೆ, ವೇಗ ಕುಸಿಯುತ್ತಿದೆ. ಬ್ಯಾಟರಿ ಕೋಶಗಳ ವೋಲ್ಟೇಜ್ ಮೇಲಿನ ಮಿತಿಗೆ ಬಂದಾಗ ಕಾರೇ ವಿದ್ಯುತ್ತನ್ನು ಕಡಿಮೆ ಕೇಳುತ್ತದೆ, ಇನ್ನು ನಿಲ್ಲುವುದು ವ್ಯರ್ಥ. ಹಿಂದೆ ಬೇರೆಯವರು ಕಾಯುತ್ತಿದ್ದಾರೆ. ಗನ್ ಕಳಚುತ್ತೇನೆ, ಈ ಸಲ ಅದು ಒಂದೇ ಎಳೆತಕ್ಕೆ ಬಂದಿತು. ಅವರಿಗೆ ಅದನ್ನು ಕೊಡುವಾಗ ಹೇಳಿದ್ದು ಇಷ್ಟೇ: "ಸ್ವಲ್ಪ ಮೇಲಕ್ಕೆತ್ತಿ ಹಿಡಿಯಿರಿ."