ಹಸಿವಿನ ದಿನಗಳಿಂದ ಬಂದ ಹಬ್ಬ: ಐಸ್‌ಲ್ಯಾಂಡಿನ ಚಳಿಗಾಲ

ಎಲ್ಲರಿಗೂ ನಮಸ್ಕಾರ.

ಐಸ್‌ಲ್ಯಾಂಡ್ ಅಂದ ಕೂಡಲೇ ನಮಗೆ ನೆನಪಾಗುವುದು ಜ್ವಾಲಾಮುಖಿ, ಹಿಮ, ರಾತ್ರಿ ಆಕಾಶದ ಹಸಿರು ಬೆಳಕು. ಇವತ್ತು ನಾನು ಅವುಗಳ ಬಗ್ಗೆ ಜಾಸ್ತಿ ಮಾತಾಡುವುದಿಲ್ಲ. ಅಲ್ಲಿನ ಅಡುಗೆಮನೆ, ಉಣ್ಣೆ ಮತ್ತು ಹದಿಮೂರು ಜನ ಕಳ್ಳರ ಬಗ್ಗೆ ಮಾತಾಡುತ್ತೇನೆ. ಈ ಕಳ್ಳರು ಅಣ್ಣತಮ್ಮಂದಿರು. ಡಿಸೆಂಬರ್ 12ರಿಂದ ದಿನಕ್ಕೊಬ್ಬರಂತೆ ಬೆಟ್ಟ ಇಳಿದು ಊರಿಗೆ ಬರುತ್ತಾರೆ. ಕೊನೆಯವನು ಬರುವುದು 24ಕ್ಕೆ. ಅವರು ಏನೇನು ಕದಿಯುತ್ತಾರೆ ಅಂತ ನೋಡುತ್ತಾ ಹೋದರೆ, ಆ ದೇಶದ ನೂರಾರು ವರ್ಷಗಳ ಬಡತನ ಕಣ್ಣಿಗೆ ಕಟ್ಟುತ್ತದೆ.

ಮೊದಲು ಸ್ವಲ್ಪ ಚರಿತ್ರೆ. ಸುಮಾರು 874ರಲ್ಲಿ ಇಂಗೋಲ್ವುರ್ ಆರ್ನಾರ್ಸನ್ ಎಂಬ ನಾರ್ವೆಯವನು ಈಗಿನ ರೇಕ್ಯಾವಿಕ್ ಇರುವ ಜಾಗದಲ್ಲಿ ನೆಲೆಸಿದ ಎನ್ನುತ್ತಾರೆ. ಅವನ ಹಿಂದೆ ಇನ್ನೂ ಸಾವಿರಾರು ಜನ ಬಂದರು. ಅವರಿಗೆ ರಾಜ ಇರಲಿಲ್ಲ. 930ರಲ್ಲಿ ಥಿಂಗ್‌ವೆಟ್ಲಿರ್ ಎಂಬ ಬಯಲಿನಲ್ಲಿ ಎಲ್ಲ ಸೇರಿ ಆಲ್‌ಥಿಂಗಿ ಎಂಬ ಸಭೆ ಕಟ್ಟಿದರು. ಕಾನೂನನ್ನು ಬಾಯಿಪಾಠ ಹೇಳುವುದಕ್ಕೇ ಅಲ್ಲಿ ಒಬ್ಬ ಹಿರಿಯ ಇರುತ್ತಿದ್ದ. ಸುಮಾರು 1000ನೇ ಇಸವಿಯಲ್ಲಿ ಹಳೆಯ ದೇವರುಗಳೋ ಕ್ರೈಸ್ತ ಧರ್ಮವೋ ಎಂಬ ಜಗಳ ಯುದ್ಧದ ಅಂಚಿಗೆ ಬಂತು. ತೀರ್ಮಾನ ಹೇಳುವ ಹೊಣೆ ಥೋರ್ಗೇರ್ ಎಂಬ ಹಿರಿಯನ ಮೇಲೆ ಬಿತ್ತು. ಅವನು ಒಂದು ಹಗಲು ಒಂದು ರಾತ್ರಿ ಕಂಬಳಿ ಹೊದ್ದು ಮಲಗಿ ಯೋಚಿಸಿದನಂತೆ. ಎದ್ದು ಬಂದು, ಎಲ್ಲರೂ ಕ್ರೈಸ್ತರಾಗೋಣ, ಆದರೆ ಮನೆಯೊಳಗೆ ಗುಟ್ಟಾಗಿ ಹಳೆಯ ಪೂಜೆ ಮಾಡಿಕೊಂಡರೆ ಅಡ್ಡಿಯಿಲ್ಲ, ಕುದುರೆ ಮಾಂಸವನ್ನೂ ತಿನ್ನಬಹುದು ಅಂದ. ಅವನೇ ಹಳೆಯ ದೇವರುಗಳ ಕಡೆಯವನು ಅನ್ನುವುದನ್ನು ಮರೆಯಬಾರದು. ಇಷ್ಟು ವಿವೇಕದ ತೀರ್ಪು ಚರಿತ್ರೆಯಲ್ಲಿ ಅಪರೂಪ.

1262ರ ಹೊತ್ತಿಗೆ ಸರದಾರರ ಒಳಜಗಳದಲ್ಲಿ ಈ ಸ್ವಾತಂತ್ರ್ಯ ಮುಗಿಯಿತು. ಮೊದಲು ನಾರ್ವೆ, ಆಮೇಲೆ ಡೆನ್ಮಾರ್ಕ್ ಆಳಿದವು. 1602ರಿಂದ 1787ರವರೆಗೆ ಅಲ್ಲಿ ವ್ಯಾಪಾರ ಮಾಡುವ ಹಕ್ಕು ಡೆನ್ಮಾರ್ಕಿನ ರಾಜ ಅನುಮತಿ ಕೊಟ್ಟ ವ್ಯಾಪಾರಿಗಳಿಗೆ ಮಾತ್ರ. ಯಾವ ಊರಿನವರು ಯಾವ ಬಂದರಿನಲ್ಲಿ ಮೀನು ಮಾರಬೇಕು ಅನ್ನುವುದೂ ನಿಗದಿಯಾಗಿತ್ತು. 1699ರಲ್ಲಿ ಹೋಲ್ಮ್‌ಫಾಸ್ಟುರ್ ಗುಡ್ಮುಂಡ್ಸನ್ ಎಂಬ ಬಡವ ತನ್ನ ಸ್ವಲ್ಪ ಮೀನನ್ನು ಬೇರೆ ಬಂದರಿನಲ್ಲಿ ಮಾರಿದ್ದಕ್ಕೆ ಚಾವಟಿ ಏಟು ತಿಂದ. ತಾನು ಹಿಡಿದ ಮೀನು, ಮಾರಿದ್ದೇ ತಪ್ಪು!

ಇದರ ಮೇಲೆ 1783ರ ಜೂನ್‌ನಲ್ಲಿ ಲಾಕಿ ಎಂಬ ಜ್ವಾಲಾಮುಖಿಯ ಬಿರುಕು ಬಾಯ್ಬಿಟ್ಟಿತು. ಎಂಟು ತಿಂಗಳು ಬೆಂಕಿ ಕಾರಿತು. ಲಾವಾ ಕೊಂದದ್ದು ಕಡಿಮೆ. ವಿಷದ ಗಾಳಿ ಹುಲ್ಲಿನ ಮೇಲೆ ಇಳಿಯಿತು, ಅದನ್ನು ಮೇಯ್ದ ಕುರಿಗಳು ಸತ್ತವು, ಕುರಿ ಇಲ್ಲದೆ ಜನ ಸತ್ತರು. ಸುಮಾರು ಐವತ್ತು ಸಾವಿರ ಜನರಲ್ಲಿ ಐದರಲ್ಲೊಂದು ಪಾಲು ಹಸಿವು, ಕಾಯಿಲೆಗಳಿಗೆ ಬಲಿಯಾಯಿತು. ನಾನು ಹೇಳಲಿರುವ ಹಬ್ಬದ ಆಚರಣೆಗಳು ಬೆಳೆದದ್ದು ಇಂಥ ಕಾಲದಲ್ಲಿ.

ಆ ಕಾಲದ ಮನೆಯೊಂದನ್ನು ಊಹಿಸಿಕೊಳ್ಳಿ. ಮರ ಸಿಗದ ನಾಡು, ಹಾಗಾಗಿ ಹುಲ್ಲುಹೆಂಟೆಯ ಗೋಡೆ, ಹುಲ್ಲುಹೆಂಟೆಯ ಮಾಡು. ಒಳಗೆ ಬಾದ್‌ಸ್ತೋವಾ ಎಂಬ ಒಂದೇ ಉದ್ದನೆಯ ಕೋಣೆ. ಎರಡು ಬದಿಗೂ ಸಾಲು ಮಂಚ. ಯಜಮಾನ, ಮಕ್ಕಳು, ಆಳುಗಳು ಎಲ್ಲರೂ ಅಲ್ಲೇ ಉಣ್ಣಬೇಕು, ಅಲ್ಲೇ ದುಡಿಯಬೇಕು, ಒಂದೊಂದು ಮಂಚದಲ್ಲಿ ಇಬ್ಬಿಬ್ಬರು ಮಲಗಬೇಕು. ಡಿಸೆಂಬರ್‌ನಲ್ಲಿ ಹಗಲು ಇರುವುದು ನಾಲ್ಕು ಗಂಟೆಯಷ್ಟೇ. ಉಳಿದದ್ದೆಲ್ಲ ಮೀನೆಣ್ಣೆ ದೀಪದ ಬೆಳಕಿನಲ್ಲಿ. ಸಂಜೆಯಾದರೆ ಎಲ್ಲರ ಕೈಗೂ ಉಣ್ಣೆ: ಒಬ್ಬರು ಹಿಂಜುತ್ತಾರೆ, ಒಬ್ಬರು ನೂಲುತ್ತಾರೆ, ಇನ್ನೊಬ್ಬರು ಹೆಣೆಯುತ್ತಾರೆ. ದೀಪದ ಹತ್ತಿರ ಕೂತ ಒಬ್ಬರು ಮಾತ್ರ ಕೆಲಸ ಮಾಡುವುದಿಲ್ಲ. ಅವರು ಸಾಗಾ ಎಂಬ, ಹಿಂದಿನವರ ಬದುಕು ಹೇಳುವ ಹಳೆಯ ಕಥೆಗಳನ್ನು ಎಲ್ಲರಿಗೂ ಕೇಳುವಂತೆ ಓದಬೇಕು. ಇದಕ್ಕೆ ಕ್ವೋಲ್ಡ್‌ವಾಕಾ ಅನ್ನುತ್ತಿದ್ದರು, ಸಂಜೆಯ ಜಾಗರಣೆ.

ವರ್ಷದ ಉಣ್ಣೆ ಕೆಲಸ ಕ್ರಿಸ್‌ಮಸ್ ಒಳಗೆ ಮುಗಿಯಬೇಕಿತ್ತು. ಕೊನೆಯ ವಾರ ನಿದ್ದೆ ತಡೆಯಲು ರೆಪ್ಪೆಗೆ ಪುಟ್ಟ ಕಡ್ಡಿ ಸಿಕ್ಕಿಸಿಕೊಳ್ಳುತ್ತಿದ್ದರು ಅಂತ ಹಳಬರ ಮಾತಿದೆ. ಕೆಲಸ ಮುಗಿಸಿದವರಿಗೆ ಯಜಮಾನನಿಂದ ಹೊಸ ಬಟ್ಟೆ ಸಿಗುತ್ತಿತ್ತು, ಕಾಲುಚೀಲವೋ ಮತ್ತೊಂದೋ. ಮುಗಿಸದವರ ಗತಿ? ಅವರಿಗಾಗಿಯೇ ಕ್ರಿಸ್‌ಮಸ್ ಬೆಕ್ಕು ಇದೆ. ಹಬ್ಬದ ದಿನ ಮೈಮೇಲೆ ಹೊಸ ಬಟ್ಟೆ ಇಲ್ಲದವರನ್ನು ಈ ದೈತ್ಯ ಬೆಕ್ಕು ಹಿಡಿದು ತಿನ್ನುತ್ತದೆ. ಇದು ಮಕ್ಕಳಿಗೆ ಸುಮ್ನೆ ಕಟ್ಟಿದ ಕಥೆ ಅಂತ ನನಗೆ ಅನ್ನಿಸುವುದಿಲ್ಲ. ಕೂಲಿಯನ್ನು ಬಟ್ಟೆಯಲ್ಲಿ ಪಡೆಯುತ್ತಿದ್ದ ಆಳಿನ ಭಯ ಅದರಲ್ಲಿದೆ.

ಈಗ ಕಳ್ಳರ ಸರದಿ. ಇವರ ತಾಯಿ ಗ್ರೀಲಾ, ಮಕ್ಕಳನ್ನು ಬೇಯಿಸಿ ತಿನ್ನುವ ರಾಕ್ಷಸಿ. ಗಂಡ ಲೆಪ್ಪಲೂದಿ, ಶುದ್ಧ ಸೋಮಾರಿ. ಗಂಡುಮಕ್ಕಳಲ್ಲಿ ಮೊದಲನೆಯವನಿಗೆ ಕುರಿಯ ಕೆಚ್ಚಲಿಗೆ ಬಾಯಿ ಹಾಕುವ ಆಸೆ, ಆದರೆ ಮರದ ಕಾಲು, ಬಗ್ಗಲಾಗದು. ಒಬ್ಬ ಹಾಲಿನ ನೊರೆ ಕದಿಯುತ್ತಾನೆ. ಒಬ್ಬ ಬಾಣಲೆಗೆ ಹತ್ತಿದ ಸೀಕಲು ಕೆರೆದು ತಿನ್ನುತ್ತಾನೆ. ಒಬ್ಬ ಸೌಟು ನೆಕ್ಕುತ್ತಾನೆ, ಇನ್ನೊಬ್ಬ ಪಾತ್ರೆಯ ತಳ. ಅಸ್ಕಾಸ್ಲೇಕಿರ್ ಎಂಬವನು ಮಂಚದ ಕೆಳಗೆ ಅಡಗಿರುತ್ತಾನೆ. ಆಗ ಪ್ರತಿಯೊಬ್ಬರಿಗೂ ಮುಚ್ಚಳವಿದ್ದ ಒಂದು ಮರದ ಬಟ್ಟಲು ಇರುತ್ತಿತ್ತು. ಉಂಡಾದ ಮೇಲೆ ನಾಯಿ ಬೆಕ್ಕು ನೆಕ್ಕಲಿ ಅಂತ ಅದನ್ನು ನೆಲಕ್ಕಿಟ್ಟರೆ ಇವನು ಎಗರಿಸಿಬಿಡುತ್ತಾನೆ. ಸ್ಕೀರ್ ಎಂಬ ಗಟ್ಟಿ ಮೊಸರಿಗೆ ಒಬ್ಬ, ಹೊಗೆಯಾಡಿಸಿದ ಮಾಂಸಕ್ಕೆ ಹೊಗೆಗಿಂಡಿಯಿಂದ ಕೊಕ್ಕೆ ಇಳಿಬಿಡುವವನು ಒಬ್ಬ. ಕೊನೆಯವನು ಮೇಣದಬತ್ತಿ ಕದಿಯುತ್ತಾನೆ. ಬತ್ತಿಯಲ್ಲಿದ್ದದ್ದು ಪ್ರಾಣಿಯ ಕೊಬ್ಬು. ಹಸಿದವನಿಗೆ ಅದೂ ಊಟ.

ಗಮನಿಸಿ, ಇವರಲ್ಲಿ ಯಾರೂ ಚಿನ್ನ ಕದಿಯುವುದಿಲ್ಲ. ನಾಯಿಗೆ ಬಿಟ್ಟ ಎಂಜಲನ್ನೂ ಬಿಡುವುದಿಲ್ಲ.

ಮಕ್ಕಳನ್ನು ಇವರ ಹೆಸರಿನಲ್ಲಿ ಹೆದರಿಸಬಾರದು ಅಂತ 1746ರಲ್ಲಿ ಸರ್ಕಾರವೇ ಆಜ್ಞೆ ಹೊರಡಿಸಬೇಕಾಯಿತು. 1932ರಲ್ಲಿ ಯೋಹಾನ್ನೆಸ್ ಊರ್ ಕೊಟ್ಲುಮ್ ಎಂಬ ಕವಿಯ ಪದ್ಯ ಬಂದ ಮೇಲೆ ಹದಿಮೂರು ಹೆಸರುಗಳು ಗಟ್ಟಿಯಾಗಿ ನಿಂತವು. ಈಗ ಇವರು ಸಾಧುವಾಗಿದ್ದಾರೆ. ಮಕ್ಕಳು ಕಿಟಕಿಯಲ್ಲಿ ಬೂಟು ಇಟ್ಟು ಮಲಗುತ್ತಾರೆ, ಬೆಳಗ್ಗೆ ಅದರಲ್ಲಿ ಪುಟ್ಟ ಉಡುಗೊರೆ. ತಂಟೆ ಮಾಡಿದ್ದರೆ ಆಲೂಗಡ್ಡೆ.

ಇದೇ ಬಡತನ ಅಡುಗೆಯಲ್ಲೂ ಕಾಣುತ್ತದೆ. ಹಿಟ್ಟು ಹಡಗಿನಲ್ಲಿ ಬರಬೇಕಿತ್ತು, ತುಟ್ಟಿಯಾಗಿತ್ತು. ಅದಕ್ಕೇ ಕ್ರಿಸ್‌ಮಸ್ ರೊಟ್ಟಿಯನ್ನು ನಮ್ಮ ಹಪ್ಪಳದಷ್ಟು ತೆಳ್ಳಗೆ ಲಟ್ಟಿಸುತ್ತಾರೆ. ಇದಕ್ಕೆ ಎಲೆರೊಟ್ಟಿ ಅನ್ನೋಣ. ಡಿಸೆಂಬರ್‌ನಲ್ಲಿ ಒಂದು ದಿನ ಅಜ್ಜಿಯಿಂದ ಹಿಡಿದು ಮೊಮ್ಮಕ್ಕಳವರೆಗೆ ಎಲ್ಲರೂ ಮೇಜಿನ ಸುತ್ತ ಕೂರುತ್ತಾರೆ. ಚಾಕುವಿನ ತುದಿಯಿಂದ ಸಾಲಾಗಿ ಸಣ್ಣ ಗೀರು ಹಾಕಿ, ಒಂದೊಂದು ಗೀರಿನ ಎಳೆಯನ್ನು ಎತ್ತಿ ಪಕ್ಕದ್ದರ ಮೇಲೆ ಮಡಚುತ್ತಾರೆ. ನಕ್ಷತ್ರ, ಎಲೆ, ಹೆಸರಿನ ಮೊದಲಕ್ಷರ ಮೂಡುತ್ತದೆ. ಆಮೇಲೆ ಕಾದ ಕೊಬ್ಬಿನಲ್ಲಿ ಕರಿಯುವುದು. ಹಿಟ್ಟು ಕಡಿಮೆಯಿದ್ದಾಗ ಕೈಕೆಲಸ ಜಾಸ್ತಿ ಮಾಡಿ ಹಬ್ಬ ಮಾಡಿಕೊಂಡ ಜನ ಇವರು. ನನಗೆ ಈ ರೊಟ್ಟಿಯ ಮೇಲೆ ತುಂಬಾ ಗೌರವ.

ಪುಸ್ತಕದ ವಿಷಯ ಹೇಳದೆ ಐಸ್‌ಲ್ಯಾಂಡಿನ ಮಾತು ಮುಗಿಯುವುದಿಲ್ಲ ಅಲ್ವಾ? ಆ ಸಾಗಾ ಕಥೆಗಳನ್ನು ಕರುವಿನ ಚರ್ಮದ ಮೇಲೆ ಬರೆದಿದ್ದರು. ಫ್ಲಾಟೇಯಾರ್‌ಬೋಕ್ ಎಂಬ ಒಂದೇ ಹಸ್ತಪ್ರತಿಗೆ 113 ಕರುಗಳ ಚರ್ಮ ಬೇಕಾಯಿತು ಅಂತ ಲೆಕ್ಕ. ಕಷ್ಟಕಾಲದಲ್ಲಿ ಕೆಲವು ಹಾಳೆಗಳನ್ನು ಬಟ್ಟೆ ಹೊಲಿಯುವ ಅಳತೆಗೆ ಕತ್ತರಿಸಿಕೊಂಡದ್ದೂ ಇದೆ. ಆರ್ನಿ ಮ್ಯಾಗ್ನೂಸ್ಸನ್ ಎಂಬ ವಿದ್ವಾಂಸ ಮನೆಮನೆ ತಿರುಗಿ ಉಳಿದದ್ದನ್ನು ಕೂಡಿಸಿ ಕೋಪನ್‌ಹೇಗನ್‌ಗೆ ಒಯ್ದ. 1944ರ ಜೂನ್ 17ರಂದು ಐಸ್‌ಲ್ಯಾಂಡ್ ಗಣರಾಜ್ಯವಾಯಿತು. ಹಸ್ತಪ್ರತಿಗಳು ಮಾತ್ರ ಡೆನ್ಮಾರ್ಕಿನಲ್ಲೇ ಇದ್ದವು. 1971ರ ಏಪ್ರಿಲ್ 21ರಂದು ಡೆನ್ಮಾರ್ಕಿನ ನೌಕಾಪಡೆಯ ಹಡಗು ಮೊದಲ ಎರಡನ್ನು ವಾಪಸ್ ತಂದಾಗ ರೇಕ್ಯಾವಿಕ್ ಬಂದರಿನಲ್ಲಿ ಸಾವಿರಾರು ಜನ ನೆರೆದಿದ್ದರು. ಪುಸ್ತಕ ನೋಡಲು ಬಂದರು ತುಂಬಿದ ದೇಶ!

ಎರಡನೇ ಮಹಾಯುದ್ಧದ ಕಾಲದಲ್ಲಿ ಹೊರಗಿನ ಸಾಮಾನಿಗೆಲ್ಲ ಕಡಿವಾಣ ಬಿದ್ದಾಗ ಕಾಗದಕ್ಕೆ ಅಷ್ಟು ಬಿಗಿ ಇರಲಿಲ್ಲ. ಹಾಗಾಗಿ ಕ್ರಿಸ್‌ಮಸ್ ಉಡುಗೊರೆಯೆಂದರೆ ಪುಸ್ತಕ ಎಂಬ ರೂಢಿ ಬಲವಾಯಿತು. ವರ್ಷದ ಹೊಸ ಪುಸ್ತಕಗಳ ಪಟ್ಟಿಯನ್ನು ಮನೆಮನೆಗೆ ಹಂಚುವುದು ಶುರುವಾಯಿತು. ಇವತ್ತಿಗೂ 24ರ ರಾತ್ರಿ ಉಡುಗೊರೆ ಬಿಚ್ಚಿ, ಸಿಕ್ಕ ಪುಸ್ತಕ ಹಿಡಿದು ಹಾಸಿಗೆ ಸೇರುವವರು ಬಹಳ.

ಕೊನೆಗೆ ಥೊರ್ರಬ್ಲೋತ್. ಇದು ಜನವರಿ ಕೊನೆಯಿಂದ ಫೆಬ್ರವರಿವರೆಗಿನ ಹಬ್ಬದೂಟ. ಹಳೆಯ ಹೆಸರನ್ನು 19ನೇ ಶತಮಾನದಲ್ಲಿ ಸ್ವಾತಂತ್ರ್ಯದ ಕನಸಿದ್ದ ವಿದ್ಯಾರ್ಥಿಗಳು ಮತ್ತೆ ಎತ್ತಿಕೊಂಡರು. 1958ರಲ್ಲಿ ರೇಕ್ಯಾವಿಕ್‌ನ ನೌಸ್ತಿದ್ ಎಂಬ ಹೋಟೆಲು ಹಳ್ಳಿಯ ಹಳೆಯ ತಿನಿಸುಗಳನ್ನು ಮರದ ತೊಟ್ಟಿಯಲ್ಲಿಟ್ಟು ಬಡಿಸಿತು. ಹುಳಿ ಹಾಲೊಡಕಿನಲ್ಲಿ ನೆನೆಸಿಟ್ಟ ಮಾಂಸ, ಸುಟ್ಟು ಬೇಯಿಸಿದ ಕುರಿತಲೆ, ವಾರಗಟ್ಟಲೆ ಹುದುಗು ಹಾಕಿ ತಿಂಗಳುಗಟ್ಟಲೆ ಒಣಗಿಸಿದ ಶಾರ್ಕ್. ಆ ಶಾರ್ಕ್ ಹಸಿಯಾಗಿ ತಿಂದರೆ ವಿಷ. ಉಪ್ಪು ಸಿಗದ ಕಾಲದಲ್ಲಿ ಮಾಂಸ ಕೆಡದಂತೆ ಇಡಲು ಹುಳಿ, ಹೊಗೆ, ಗಾಳಿ ಇಷ್ಟೇ ದಾರಿ. ಹಳ್ಳಿ ಬಿಟ್ಟು ಪೇಟೆ ಸೇರಿದ ಜನ ಅಪ್ಪ ಅಮ್ಮ ಗತಿಯಿಲ್ಲದೆ ತಿಂದದ್ದನ್ನು ದುಡ್ಡು ಕೊಟ್ಟು, ಹಾಡು ಹೇಳಿಕೊಂಡು, ಒಟ್ಟಿಗೆ ಕೂತು ತಿಂದರು. ಇವತ್ತು ಚಳಿಗಾಲದಲ್ಲಿ ಯಾವ ಹಳ್ಳಿಯ ಸಮುದಾಯ ಭವನಕ್ಕೆ ಹೋದರೂ ಈ ಊಟ ನಡೆಯುತ್ತಿರುತ್ತದೆ.

ನನ್ನ ಮಾತು ಇಷ್ಟು. ಏನಾದರೂ ಕೇಳುವುದಿದ್ದರೆ ಈಗ ಕೇಳಿ.