ಮಲ್ಪೆಯ ಮಕ್ಕಳ ಜೊತೆ ‘ಅನುದಿನದ ಆಹಾರ’ | ನನ್ನ ಸಭಾ ತರಬೇತಿ

ಈಗ ನೀವು ನೋಡ್ತಾ ಇರುವುದು ಮಲ್ಪೆ ಬಂದರು. ಬೋಟುಗಳೆಲ್ಲ ಒತ್ತೊತ್ತಾಗಿ ನಿಂತಿವೆ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ.

ನಾನು ಮಂಗಳೂರಿನ ಬಲ್ಮಠದಲ್ಲಿ ಥಿಯಾಲಜಿ ಓದ್ತಾ ಇದ್ದೇನೆ. ವಾರಾಂತ್ಯಕ್ಕೆ ಬಸ್ಸು ಹತ್ತಿ ಇಲ್ಲಿಯ ಸಭೆಗೆ, ಅಂದರೆ ಚರ್ಚಿಗೆ ಬರ್ತೇನೆ, ತರಬೇತಿಗೆ. ವೇದಪಾಠ ಓದುವುದು, ಸಂಡೇ ಸ್ಕೂಲ್, ಅಯ್ಯನವರ, ಅಂದರೆ ನಮ್ಮ ಪಾದ್ರಿಯವರ ಜೊತೆ ಮನೆ ಭೇಟಿ. ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸದ ಪವಿತ್ರ ಭೋಜನ ಕೊಡುವುದು ಅಯ್ಯನವರೇ, ನನಗಿನ್ನೂ ಪಾದ್ರಿಯಾಗಿ ಅಭಿಷೇಕ ಆಗಿಲ್ಲವಲ್ಲ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನಲ್ಲಿ ಪ್ರಾಟೆಸ್ಟೆಂಟರ ಎರಡು ಕವಲುಗಳಾದ ಲೂಥರನ್ ಪರಂಪರೆಯೂ ಇತ್ತು, ರಿಫಾರ್ಮ್ಡ್ ಪರಂಪರೆಯೂ ಇತ್ತು. ಇವತ್ತು ನಮ್ಮದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಆದರೂ ದೃಢೀಕರಣಕ್ಕೆ, ಅಂದರೆ ತಮ್ಮ ನಂಬಿಕೆಯನ್ನು ಸಭೆಯ ಮುಂದೆ ತಾವೇ ಹೇಳಲಿಕ್ಕೆ ತಯಾರಾಗುವ ಮಕ್ಕಳಿಗೆ ಪಾಠ ಮಾಡು ಅಂತ ಅಯ್ಯನವರು ಹೇಳಿದಾಗ ನಾನು ಕೈಗೆತ್ತಿಕೊಂಡದ್ದು ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರರ ಸಣ್ಣ ಪ್ರಶ್ನೋತ್ತರವನ್ನೇ, ನಂಬಿಕೆಯ ಪಾಠಗಳನ್ನು ಪ್ರಶ್ನೆ-ಉತ್ತರವಾಗಿ ಕಲಿಸುವ ಪುಸ್ತಕ ಅದು. ಅದು ಹುಟ್ಟಿದ ಬಗೆ ನನಗೆ ತುಂಬ ಇಷ್ಟ. ಲೂಥರರು ಸ್ಯಾಕ್ಸನಿಯ ಊರೂರಿನ ಸಭೆಗಳನ್ನು ಕಣ್ಣಾರೆ ನೋಡಿ ಬಂದರು. ಜನಕ್ಕೆ ಕರ್ತನ ಪ್ರಾರ್ಥನೆಯೂ ಗೊತ್ತಿಲ್ಲ, ಎಷ್ಟೋ ಪಾದ್ರಿಗಳಿಗೆ ಕಲಿಸಲಿಕ್ಕೂ ಬರುವುದಿಲ್ಲ. ಆ ಸಂಕಟದಲ್ಲೇ 1529ರಲ್ಲಿ ಬರೆದ ಪುಸ್ತಕ ಅದು. ಮೊದಲು ಭೇಟಿ, ಆಮೇಲೆ ಬರಹ.

‘ನಮ್ಮ ಅನುದಿನದ ಆಹಾರವನ್ನು ಈಹೊತ್ತು ನಮಗೆ ದಯಪಾಲಿಸು.’ ಇದು ಕರ್ತನ ಪ್ರಾರ್ಥನೆಯ ಒಂದು ಸಾಲು. ಆ ಪುಸ್ತಕದಲ್ಲಿ ಇದರ ಅರ್ಥ ಹೇಳುವಾಗ ಲೂಥರರು ಬರೀ ಊಟಕ್ಕೆ ನಿಲ್ಲಿಸುವುದಿಲ್ಲ. ಬಟ್ಟೆ, ಚಪ್ಪಲಿ, ಮನೆ, ಹೊಲ, ದನಕರು, ಒಳ್ಳೆಯ ಸರಕಾರ, ಒಳ್ಳೆಯ ಹವೆ, ಆರೋಗ್ಯ, ನಂಬಿಕಸ್ಥ ನೆರೆಯವರು ಅಂತ ಪಟ್ಟಿಯನ್ನೇ ಕೊಡ್ತಾರೆ.

ನಿಮ್ಮ ಮನೆಯ ಪಟ್ಟಿ ಹೇಳಿ ಅಂತ ಮಕ್ಕಳಿಗೆ ಅಂದೆ. ಸ್ವಲ್ಪ ಹೊತ್ತು ಯಾರೂ ಬಾಯಿ ಬಿಡಲಿಲ್ಲ. ಮತ್ತೆ ಒಬ್ಬ, “ಡೀಸೆಲ್, ಅಕ್ಕಾ.” ಐಸ್ ಪ್ಲಾಂಟಿನಲ್ಲಿ ದುಡಿಯುವವರ ಮಗಳು ಕರೆಂಟ್ ಅಂದಳು. ಬಲೆ, ಇಂಜಿನ್, ಅಮ್ಮನ ಸೊಂಟ ನೋವು ಗುಣವಾಗಬೇಕು, ಅಂಗಡಿಯವರು ಆಗಸ್ಟ್‌ವರೆಗೆ ಸಾಲ ಕೊಡಬೇಕು. ಬೋರ್ಡ್ ತುಂಬಿಹೋಯಿತು. ಆ ಕೊನೆಯ ಮಾತು ಹೇಳಿದ ಹುಡುಗನ ಮನೆಗೆ ನಾವು ಹಿಂದಿನ ವಾರವಷ್ಟೇ ಹೋಗಿದ್ದೆವು. ಚಾ ಕೊಟ್ಟಿದ್ದರು, ನಗುನಗುತ್ತಾ ಮಾತಾಡಿದ್ದರು, ಸಾಲದ ಸುದ್ದಿ ಯಾರೂ ಎತ್ತಿರಲಿಲ್ಲ. ದೊಡ್ಡವರು ಅಯ್ಯನವರ ಮುಂದೆ ಹೇಳಲು ಹಿಂಜರಿಯುವುದನ್ನು ಮಕ್ಕಳು ಪ್ರಾರ್ಥನೆ ಅಂತ ಹೇಳಿಬಿಡ್ತಾರೆ.

ಭಾನುವಾರದ ವಿಜ್ಞಾಪನಾ ಪ್ರಾರ್ಥನೆ, ಅಂದರೆ ಎಲ್ಲರ ಅಗತ್ಯಗಳಿಗಾಗಿ ಬೇಡುವ ಪ್ರಾರ್ಥನೆ, ನನ್ನ ಪಾಲಿಗೆ ಬಂತು. ಯಾರ ಮನೆಯ ಗುಟ್ಟೂ ಬಿಟ್ಟುಕೊಡದೆ ಡೀಸೆಲ್, ಐಸ್, ಬಲೆ, ಸಾಲ ಎಲ್ಲವನ್ನೂ ಸೇರಿಸಿದೆ. “ಆಮೆನ್” ಎಂದಿಗಿಂತ ಜೋರಾಗಿಯೇ ಕೇಳಿತು. ಆರಾಧನೆ ಮುಗಿದ ಮೇಲೆ ಅಯ್ಯನವರು, “ಪ್ರಾರ್ಥನೆ ಸರಿ ಉಂಟು. ಇನ್ನು ಆ ಮನೆಗಳಿಗೆ ಅಕ್ಕಿ ಮುಟ್ಟಬೇಕು, ಹಿರಿಯರ ಹತ್ತಿರ ಮಾತಾಡು” ಅಂದರು. ಮಾತಾಡಿದೆ. ಈ ವಾರದಿಂದ ಕೊಡ್ತಾ ಇದ್ದೇವೆ.

ಮಕ್ಕಳದ್ದು ಇನ್ನೂ ಒಂದು ಬೇಡಿಕೆ ಬಾಕಿ ಉಂಟು. ಬೆಳೆಗಾಗಿ ದೇವರಿಗೆ ಸ್ತೋತ್ರ ಹೇಳುವ ಬೆಳೆಹಬ್ಬಕ್ಕೆ ತೆಂಗಿನಕಾಯಿ, ತರಕಾರಿ ಇಡ್ತೇವಲ್ಲ, ಅದರ ಪಕ್ಕ ಒಂದು ಬಲೆಯನ್ನೂ ಇಡಬೇಕಂತೆ. ಅರ್ಜಿಯನ್ನು ಅವರೇ ಬರೆದು ಸಹಿ ಹಾಕಿದ್ದಾರೆ. ಮುಂದಿನ ಸಭಾ ಕಮಿಟಿಯಲ್ಲಿ ನಾನು ಓದ್ತೇನೆ.