ಸಿರಿ ಬೇಡವೆಂದ ಸೀರೆ

ಇವತ್ತು ಒಂದು ಸೀರೆಯಿಂದ ಶುರು ಮಾಡ್ತೇನೆ. ಸಿರಿ ಎಂಬವಳ ಕಥೆ ಹೇಳುವ ತುಳು ಜನಪದ ಹಾಡು ಸಿರಿ ಪಾಡ್ದನ, ಅದರಲ್ಲಿ ಬರುವ ಸೀರೆ. ಬಸ್ರೂರಿನ ಕಾಂತು ಪೂಂಜ ಬಸುರಿ ಹೆಂಡತಿ ಸಿರಿಯ ಬಯಕೆಗೆಂದು ತಂದದ್ದು. ತರುವವ ನೆಟ್ಟಗೆ ಮನೆಗೆ ಬರ್ಲಿಲ್ಲ, ಸಿದ್ದು ಎಂಬವಳ ಮನೆಗೆ ಹೊಕ್ಕ. ಸಿದ್ದು ಸೀರೆ ಬಿಚ್ಚಿ ಉಟ್ಟಳು, ಮತ್ತೆ ಮಡಚಿ ಕೊಟ್ಟಳು. ಸಿರಿಗೆ ಗೊತ್ತಾಯ್ತು. ಇನ್ನೊಬ್ಬಳು ಉಟ್ಟ ಸೀರೆ ನನಗೆ ಬೇಡ ಅಂದಳು. ಕೊನೆಗೆ ಆ ಗಂಡನೂ ಬೇಡ ಅಂತ ಬಿಟ್ಟು ನಡೆದಳು. ಮತ್ತೊಂದು ಮದುವೆಯೂ ಆದಳು.

ಹೆಣ್ಣಿನ ಹಕ್ಕಿನ ಮಾತು ಎಲ್ಲಿ ಬಂದರೂ ನಾವು ಕರಾವಳಿಯವರು ಸಿರಿಯನ್ನು ಕರ್ಕೊಂಡು ಬಂದು ಎದುರಿಗೆ ನಿಲ್ಲಿಸ್ತೇವೆ. ನಾನೂ ಎಷ್ಟು ಸಲ ನಿಲ್ಲಿಸಿದ್ದೇನೋ. ನಮ್ಮದು ಅಳಿಯಕಟ್ಟು, ಆಸ್ತಿ ತಾಯಿ ಕಡೆಯಿಂದ, ಹೆಣ್ಣಿನ ಮರುಮದುವೆಗೆ ಬುಡುದಾರೆ ಅಂತ ಹೆಸರೇ ಉಂಟು. ಬಾಯಿಪಾಠ. ಆ ಆಸ್ತಿಯ ಯಜಮಾನಿಕೆ ಮಾತ್ರ ಹೆಚ್ಚಾಗಿ ಸೋದರಮಾವನ ಕೈಯಲ್ಲೇ ಇತ್ತು. ಅದನ್ನು ಹೇಳುವಾಗ ನಮಗೆ ಸ್ವಲ್ಪ ಕೆಮ್ಮು ಬರ್ತದೆ.

ಕಳೆದ ತಿಂಗಳು ಕದ್ರಿಯಲ್ಲಿ ಒಬ್ಬರ ಮಹಡಿ ಮೇಲೆ ನಾವು ಹತ್ತು-ಹನ್ನೆರಡು ಜನ ಸೇರಿದೆವು. ಓದಿದ್ದು ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’. 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. ನಾದಿರಾಳ ಅಪ್ಪ ಹಠಕ್ಕೆ ಬಿದ್ದು ಅಳಿಯನಿಂದ ತಲಾಕ್ ಹೇಳಿಸ್ತಾನೆ. ಮತ್ತೆ ಅದೇ ಗಂಡನನ್ನು ಸೇರಬೇಕಾದರೆ ನಡುವೆ ಇನ್ನೊಬ್ಬನನ್ನು ಮದುವೆಯಾಗಿ ಅವನ ಜೊತೆ ಒಂದು ರಾತ್ರಿ ಕಳೆಯಬೇಕು. ಅವಳು ಮಸೀದಿಯ ಕೆರೆಗೆ ಇಳೀತಾಳೆ. ಒಂದೇ ಉಸಿರಿಗೆ ಮೂರು ಸಲ ಹೇಳುವ ತಲಾಕನ್ನು ಸುಪ್ರೀಂ ಕೋರ್ಟು ತೆಗೆದುಹಾಕಿದ್ದು 2017ರಲ್ಲಿ. ಅಂದರೆ ಈ ಕಥೆ ಅಚ್ಚಾಗಿ 36 ವರ್ಷದ ಮೇಲೆ.

ಓದಿ ಆಯ್ತು. ಚಹಾ ಬಂತು, ಗೋಳಿಬಜೆ ಬಂತು, ಅದರ ಜೊತೆ ಕನಿಕರವೂ ಬಂತು. ‘ಪಾಪ, ಅವರಲ್ಲಿ ಹೆಂಗಸರ ಅವಸ್ಥೆ ನೋಡಿ.’ ನಾನೂ ತಲೆ ಆಡಿಸಿದೆ, ಸುಳ್ಳು ಯಾಕೆ ಹೇಳ್ಲಿ. ಮೂಲೆಯಲ್ಲಿ ಕೂತಿದ್ದ ಒಬ್ಬಳು ಕಾಲೇಜು ಹುಡುಗಿ, ತಲೆಗೆ ಸ್ಕಾರ್ಫ್ ಹಾಕಿದ್ದಳು, ಅಲ್ಲಿವರೆಗೆ ಒಂದು ಮಾತೂ ಆಡಿರಲಿಲ್ಲ. ಕೇಳಿದಳು: ‘ಅಕ್ಕ, ಸಿರಿ ಗಂಡನನ್ನು ಬಿಟ್ಟರೆ ಅದು ಸಿರಿಯ ಧೈರ್ಯ. ನಾದಿರಾ ಸತ್ತರೆ ಅದು ನಮ್ಮ ಧರ್ಮ. ಅದು ಹೇಗೆ?’

ಗೋಳಿಬಜೆಯ ಪ್ಲೇಟು ಸುಮ್ಮನೆ ಒಂದು ಸುತ್ತು ಹೋಗಿ ಬಂತು.

ಅವಳು ಹೇಳಿದ್ದು ಸರಿ ಮಾರಾಯ್ರೆ. ಕಾಂತು ಪೂಂಜನ ವಿಷಯ ಬಂದಾಗ ‘ಅವರ ಜಾತಿಯ ಗಂಡಸರೇ ಹಾಗೆ’ ಅಂತ ನಾವು ಯಾವತ್ತಾದರೂ ಹೇಳಿದ್ದುಂಟಾ? ಅವನು ಒಬ್ಬ ಕೆಟ್ಟ ಗಂಡ, ಅಷ್ಟೇ. ನಾದಿರಾಳ ಅಪ್ಪನಿಗೆ ಬರೀ ಒಬ್ಬ ಕೆಟ್ಟ ಅಪ್ಪನಾಗಿ ಇರ್ಲಿಕ್ಕೂ ನಾವು ಬಿಡುವುದಿಲ್ಲ. ನಮ್ಮ ಕಥೆಯನ್ನು ಕಥೆಯ ಹಾಗೆ ಓದ್ತೇವೆ, ಅವರ ಕಥೆಯನ್ನು ಪೊಲೀಸ್ ಮಹಜರಿನ ಹಾಗೆ. ಸಾರಾ ಅವರಿಗೆ ಇದು ಗೊತ್ತಿತ್ತು. ತಮ್ಮ ಸಮುದಾಯದ ಗಂಡಸರನ್ನು ಬಿಡದೆ ತರಾಟೆಗೆ ತಗೊಂಡ ಅವರು ಕೋಮುವಾದಿಗಳ ವಿರುದ್ಧವೂ ಅಷ್ಟೇ ಖಾರವಾಗಿ ಬರೆದರು. 2023ರ ಜನವರಿಯಲ್ಲಿ ಇದೇ ಮಂಗಳೂರಿನಲ್ಲಿ ತೀರಿಕೊಂಡರು. ಅವರ ಖಾರದಲ್ಲಿ ಅರ್ಧವನ್ನು ಮಾತ್ರ ನಾವು ಇಟ್ಟುಕೊಂಡಿದ್ದೇವೆ.

2022ರಲ್ಲಿ ಹಿಜಾಬಿನ ಗಲಾಟೆಯಲ್ಲಿ ಉಡುಪಿಯ ಕಾಲೇಜು ಗೇಟಿನ ಹೊರಗೆ ಹುಡುಗಿಯರು ನಿಂತಿದ್ದರಲ್ಲ, ಆಗ ನಾನು ಎರಡೂ ಕಡೆಯವರ ವಾದ ಗಂಟೆಗಟ್ಟಲೆ ಕೇಳಿದೆ. ಆ ಹುಡುಗಿಯರು ಓದುವುದು ಸಯನ್ಸಾ ಕಾಮರ್ಸಾ ಅಂತ ತಿಳ್ಕೊಳ್ಳಬೇಕು ಅಂತ ನನಗೆ ಹೊಳೆಯಲೇ ಇಲ್ಲ.

ಇಂಟರ್‌ಸೆಕ್ಷನಾಲಿಟಿ ಅಂತ ಒಂದು ಪದ ಉಂಟು, ಉಚ್ಚಾರ ಮಾಡುವಾಗಲೇ ಕ್ಲಾಸಿನಲ್ಲಿ ಕೂತ ಹಾಗೆ ಆಗ್ತದೆ. ಹೆಣ್ಣು ಅನ್ನುವುದು, ಬಣ್ಣ, ಜಾತಿ, ಧರ್ಮ ಎಲ್ಲ ಒಬ್ಬಳ ಮೇಲೆ ಒಟ್ಟಿಗೇ ಬೀಳ್ತದೆ, ಬೇರೆ ಬೇರೆ ಮಾಡಿ ನೋಡಿದರೆ ಅವಳ ಕಷ್ಟ ಕಾಣುವುದಿಲ್ಲ ಅಂತ ಅದರ ಅರ್ಥ. 1989ರಲ್ಲಿ ಅಮೆರಿಕದ ಕಾನೂನು ವಿದ್ವಾಂಸೆ ಕಿಂಬರ್ಲಿ ಕ್ರೆನ್‌ಶಾ ಕೊಟ್ಟದ್ದು. ಅವರು ಎತ್ತಿಕೊಂಡ ಒಂದು ಕೇಸು ಹೀಗೆ: ತಮಗೆ ತಾರತಮ್ಯ ಆಗಿದೆ ಅಂತ ಕಾರು ಕಂಪೆನಿಯೊಂದರ ಮೇಲೆ ಕಪ್ಪು ಹೆಂಗಸರು ದಾವೆ ಹಾಕಿದರು. ಹೆಂಗಸರಿಗೆ ಕೆಲಸ ಕೊಟ್ಟಿದ್ದಾರಲ್ಲ ಅಂತ ಕೋರ್ಟು. ಕೊಟ್ಟಿದ್ದರು, ಬಿಳಿ ಹೆಂಗಸರಿಗೆ. ಓದಿದಾಗ ಅರ್ಥ ಆಯ್ತು ಅಂದ್ಕೊಂಡಿದ್ದೆ. ನಿಜವಾಗಿ ಅರ್ಥ ಆದದ್ದು ಕಳೆದ ವಾರ, ನಮ್ಮ ಹಿತ್ತಿಲಾಚೆಯ ಅಜ್ಜಿಯ ಜಗಲಿಯಲ್ಲಿ.

ಅಜ್ಜಿ ಬೀಡಿ ಕಟ್ತಾರೆ. ಮಡಿಲಲ್ಲಿ ತಡ್ಪೆ ಅಂದರೆ ಮೊರ, ಎಲೆಯ ಮೇಲೆ ತಗಡಿನ ಅಚ್ಚು ಇಟ್ಟು ಕತ್ತರಿ ಆಡಿಸ್ತಾರೆ, ಚಿಟಿಕೆ ಹೊಗೆಸೊಪ್ಪು ಹಾಕಿ ಸುತ್ತುತ್ತಾರೆ, ನೂಲು ಬಿಗೀತಾರೆ. ಕಣ್ಣು ಮಾತ್ರ ರಸ್ತೆಯಲ್ಲಿ. ಪ್ರಾಯದಲ್ಲಿ ಧಣಿಗಳ ಗದ್ದೆಯಲ್ಲಿ ನೇಜಿ ನೆಟ್ಟವರು, ಮೊಣಕಾಲಿನವರೆಗೆ ಕೆಸರಲ್ಲಿ ನಿಂತು ಪಾಡ್ದನ ಹೇಳಿದವರು. ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿಗೆ ಪುಸ್ತಕದಲ್ಲಿ 15,683 ಸಾಲು. ಅಜ್ಜಿಗೆ ಈಗ ನೆನಪಿರುವುದು ಹೆಚ್ಚೆಂದರೆ ನಲವತ್ತು. ಒಂದು ಹೇಳಿ ಅಂದೆ. ಸಣ್ಣ ಸ್ವರದಲ್ಲಿ ಶುರು ಮಾಡಿದರು. ಸೀರೆಯ ಜಾಗ ಬಂದಾಗ ನಿಲ್ಲಿಸಿ ನೂಲು ಕಚ್ಚಿ ತುಂಡು ಮಾಡಿದರು.

‘ನಮಗೆ ಧಣಿಗಳ ಮನೆಯಿಂದ ಬರ್ತಾ ಇದ್ದದ್ದೇ ಉಟ್ಟು ಬಿಟ್ಟ ಸೀರೆ. ಪರ್ಬಕ್ಕೆ ಒಂದು.’

ಹಾಗಾದರೆ ಇದನ್ನು ಹಾಡುವಾಗ ನಿಮಗೆ ಎಂತ ಅನಿಸ್ತಿತ್ತು ಅಂತ ಕೇಳಿದೆ. ನಾನು ಕಾಯ್ತಾ ಇದ್ದದ್ದು ದೊಡ್ಡ ಉತ್ತರಕ್ಕೆ, ರೆಕಾರ್ಡರ್ ಬೇರೆ ಆನ್ ಇತ್ತು.

‘ಎಂತ ಅನಿಸ್ಲಿಕ್ಕೆ ಉಂಟು? ಒಳ್ಳೆ ಸೀರೆ, ದಂಡ ಆಯ್ತಲ್ಲ ಅಂತ.’

ಮುಂದಿನ ತಿಂಗಳು ನಾವು ಸೇರುವುದು ಆ ಹುಡುಗಿಯ ಮನೆಯಲ್ಲಿ, ಉಳ್ಳಾಲದಲ್ಲಿ. ಓದುವುದು ಸಿರಿ, ಆಯ್ಕೆ ಅವಳದ್ದೇ. ಅಜ್ಜಿಯನ್ನೂ ಕರೆದಿದ್ದೇನೆ. ಬೀಡಿ ಕಂಪೆನಿಯ ಬ್ರಾಂಚಿಗೆ ಬೀಡಿ ಕೊಡುವ ದಿನ ಅಲ್ಲದಿದ್ದರೆ ಬರ್ತೇನೆ ಅಂದಿದ್ದಾರೆ.